ಭಾಷೆ ಆಮೇಲೆ, ಮೊದಲು ಮಂಡಿಯ ಕಂಪ್ಯೂಟರ್ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಶಿಕ್ಷಣ ಪುಟದಲ್ಲಿ ಹೋದ ವಾರ, ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿತರೆ ಬೇಗ ಕೆಲಸ ಸಿಗುತ್ತದೆ ಎಂಬ ಲೇಖನ ಬಂದಿತ್ತು. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಎಂದು ಪಟ್ಟಿ, ಪಕ್ಕದಲ್ಲಿ ಸಂಬಳದ ಅಂದಾಜು. ಅದನ್ನು ಓದಿಯೇ ನನ್ನ ಅಣ್ಣನ ಮಗ ಫೋನ್ ಮಾಡಿದ. ಅವನು ಬಿಸಿಎ ಕೊನೆಯ ವರ್ಷ. "ಅತ್ತೆ, ಫ್ರೆಂಡ್ ಅಪ್ಪನ ಮಂಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ತೀನಿ ಅಂತ ಪ್ರಾಜೆಕ್ಟ್ ತಗೊಂಡಿದೀನಿ. ವಿಂಡೋ, ಬಟನ್, ಟೇಬಲ್ ಎಲ್ಲ ಇರಬೇಕು. ಯಾವ ಲ್ಯಾಂಗ್ವೇಜಲ್ಲಿ ಮಾಡ್ಲಿ?" ಎಂದು ಕೇಳಿದ. ಲೇಖನದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಇದೇ ಪ್ರಶ್ನೆ ಇಟ್ಟುಕೊಂಡ ಹುಡುಗ ಹುಡುಗಿಯರು ನಮ್ಮ ಕಡೆ ಬೇಕಾದಷ್ಟು ಇದ್ದಾರೆ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ನಿಮಗೂ ಬರೆಯುತ್ತಿದ್ದೇನೆ. ಪತ್ರ ಉದ್ದವಾಗುತ್ತದೆ. ಕತ್ತರಿ ನಿಮ್ಮ ಕೈಯಲ್ಲೇ ಇದೆ.

ನಾನು ಸಾಗರದವಳು. ಡಿಪ್ಲೊಮಾ ಓದಿದ್ದೇನೆ. ಅಡಿಕೆ ಮಂಡಿಗಳಿಗೆ, ಒಂದೆರಡು ರೈಸ್ ಮಿಲ್ಲುಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. ರೈತರು ತಂದ ಚೀಲ ತೂಕಕ್ಕೆ ಹೋಗುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರೆ ಬೇರೆ ಲಾಟು ಆಗುತ್ತದೆ. ಟೆಂಡರಿನಲ್ಲಿ ದರ ನಿಂತ ಮೇಲೆ ಚೀಲದ ತೂಕ ಕಳೆಯಬೇಕು, ಹಮಾಲಿ ಹಿಡಿಯಬೇಕು, ಮುಂಗಡ ಕೊಟ್ಟಿದ್ದರೆ ಅದನ್ನೂ ಮುರಿದುಕೊಂಡು ರೈತರ ಕೈಗೆ ಪಟ್ಟಿ ಕೊಡಬೇಕು. ಲೆಕ್ಕ ಇಷ್ಟೇ. ಆದರೆ ಇದನ್ನು ಬಳಸುವ ರೈಟರಿಗೆ, ಅಂದರೆ ಮಂಡಿಯ ಗುಮಾಸ್ತರಿಗೆ, ಸೀಸನ್ನಿನಲ್ಲಿ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಎದುರಿಗೆ ರೈತರು ಬಸ್ಸಿಗೆ ಹೊತ್ತಾಯಿತು ಎಂದು ನಿಂತಿರುತ್ತಾರೆ.

ಅಣ್ಣನ ಮಗನಿಗೆ ನಾನು ತಿರುಗಿ ಕೇಳಿದ್ದು ಒಂದೇ. ಆ ಮಂಡಿಯ ಕಂಪ್ಯೂಟರಿನಲ್ಲಿ ಯಾವ ವಿಂಡೋಸ್ ಇದೆ? ಅವನಿಗೆ ಗೊತ್ತಿರಲಿಲ್ಲ. ಮಂಡಿಯ ಒಳಗೇ ಹೋಗಿರಲಿಲ್ಲ. ಅಳತೆ ತಗೊಳ್ಳದೆ ಬ್ಲೌಸ್ ಹೊಲಿಯಲು ಕೂತ ಹಾಗಾಯಿತು.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿಯಲ್ಲೇ ಮುಗಿಯಿತು. ವಿಂಡೋಸ್ 10ರ ಮಾಮೂಲಿ ಬೆಂಬಲವೂ 2025ರ ಅಕ್ಟೋಬರಿನಲ್ಲಿ ಮುಗಿದಿದೆ. ಆದರೆ ಮಂಡಿಯವರು ಕಂಪ್ಯೂಟರ್ ಬದಲಿಸುವುದು ಅದು ಸತ್ತಾಗ ಮಾತ್ರ. ನಾನು ಹೋಗುವ ಕಡೆ ವಿಂಡೋಸ್ 7 ಇನ್ನೂ ಜೀವಂತವಾಗಿದೆ. ಇಂಟರ್ನೆಟ್ ಕೊಡಬೇಡಿ, ಪೆನ್‌ಡ್ರೈವ್ ಚುಚ್ಚಬೇಡಿ ಎಂದು ಹೇಳಿ ಬರುತ್ತೇನೆ, ಅಷ್ಟೇ ನನ್ನ ಕೈಲಾಗುವುದು. ಅಂಥ ಮೆಷಿನ್ ಇದ್ದರೆ ಅರ್ಧ ಆಯ್ಕೆ ಅಲ್ಲೇ ಮುಗಿಯಿತು. ವಿಂಡೋಸ್ 7ರಲ್ಲಿ ಓಡುವ ಕೊನೆಯ ಪೈಥಾನ್ 3.8. ವಿಂಡೋ, ಬಟನ್ ಎಲ್ಲ ಸಿದ್ಧವಾಗಿ ಕೊಡುವ ಸಾಮಗ್ರಿಗೆ ಟೂಲ್‌ಕಿಟ್ ಎನ್ನುತ್ತಾರೆ, ಅಂಥದ್ದೊಂದು ಕ್ಯೂಟಿ. ಅದರ 6ನೇ ಆವೃತ್ತಿ ಬೇಕೆಂದರೆ ವಿಂಡೋಸ್ 10 ಇರಲೇಬೇಕು. ಹಳೆಯ ಕ್ಯೂಟಿ 5.15 ಆದರೆ ಓಡುತ್ತದೆ. ವೆಬ್ ಪುಟವನ್ನೇ ವಿಂಡೋ ಮಾಡಿ ತೋರಿಸುವ ಎಲೆಕ್ಟ್ರಾನ್ ತನ್ನ 23ನೇ ಆವೃತ್ತಿಯಿಂದ 7 ಮತ್ತು 8 ಎರಡನ್ನೂ ಕೈಬಿಟ್ಟಿತು, ಏಕೆಂದರೆ ಅದರ ಹೊಟ್ಟೆಯಲ್ಲಿರುವ ಕ್ರೋಮಿಯಂ ಬ್ರೌಸರ್ ಕೈಬಿಟ್ಟಿತು. ಡಾಟ್‌ನೆಟ್ ಫ್ರೇಮ್‌ವರ್ಕ್ 4.8 (ಮೈಕ್ರೋಸಾಫ್ಟಿನದು, ವಿನ್‌ಫಾರ್ಮ್ಸ್ ಟೂಲ್‌ಕಿಟ್ ಇದರೊಳಗೇ ಇದೆ) ಮಾತ್ರ ಸದ್ದಿಲ್ಲದೆ ಕೂರುತ್ತದೆ. ಲಜಾರಸ್ ಕೂಡ ಹಾಗೇ. ಅದು ಪಾಸ್ಕಲ್ ಭಾಷೆಯದು, 1995ರಲ್ಲಿ ಬಂದ ಡೆಲ್ಫಿಯ ರೀತಿಯದೇ, ಆದರೆ ಉಚಿತ. ಒಂದೇ ಫೈಲ್ ಒಯ್ದು ಇಟ್ಟರೆ ಓಡುತ್ತದೆ, ಇನ್‌ಸ್ಟಾಲ್ ಮಾಡುವ ಗೋಜಿಲ್ಲ. ಕಾಲೇಜಿನಲ್ಲಿ ಯಾರೂ ಹೆಸರು ಎತ್ತುವುದಿಲ್ಲ. ಹಳೇ ಮೆಷಿನ್ನಿಗೆ ಅದರಷ್ಟು ಹಗುರವಾದದ್ದನ್ನು ನಾನಂತೂ ನೋಡಿಲ್ಲ.

ಇನ್ನು ಕನ್ನಡ. ಇಲ್ಲಿ ಸ್ವಲ್ಪ ನಿಲ್ಲಬೇಕು.

ನಮ್ಮ ಹುಡುಗರು ಪ್ರೋಗ್ರಾಂ ಬರೆದು ಪರೀಕ್ಷೆ ಮಾಡುವುದು ಇಂಗ್ಲಿಷ್ ಹೆಸರು ಹಾಕಿ. ರಾಜು, ರವಿ ಎಂದು ಇಂಗ್ಲಿಷಿನಲ್ಲಿ ಹೊಡೆದು, ಸೇವ್ ಆಯಿತು, ಮುಗೀತು ಎನ್ನುತ್ತಾರೆ. ಮಂಡಿಯಲ್ಲಿ ರೈತರ ಹೆಸರು, ಊರು ಕನ್ನಡದಲ್ಲೇ ಬೇಕು. ಪಟ್ಟಿ ಓದುವವರು ಅವರು. ಕನ್ನಡ ಅಕ್ಷರ ಪರದೆಯ ಮೇಲೆ ಬರುವುದು ಇಂಗ್ಲಿಷಿನ ಹಾಗೆ ಒಂದರ ಪಕ್ಕ ಒಂದು ಇಟ್ಟು ಅಲ್ಲ. ಒತ್ತು ಕೆಳಗೆ ಹೋಗಬೇಕು, ಅರ್ಕಾವತ್ತು ಮುಂದಿನ ಅಕ್ಷರದ ಆಚೆಗೆ ಸರಿಯಬೇಕು. ಈ ಕೆಲಸ ಮಾಡಲು ಒಂದು ಎಂಜಿನ್ ಬೇಕು. ಹಾರ್ಫ್‌ಬಝ್ ಎಂಬ ಉಚಿತ ಎಂಜಿನ್ ಇದೆ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಕ್ಯೂಟಿ, ಅದರಂಥವೇ ಟೂಲ್‌ಕಿಟ್‌ಗಳಾದ ಜಿಟಿಕೆ, ಫ್ಲಟರ್ ಎಲ್ಲದರ ಹಿಂದೆ ಇರುವುದು ಅದೇ. ಜಾವಾ ಕೂಡ 9ನೇ ಆವೃತ್ತಿಯಿಂದ ಅದನ್ನೇ ಹಿಡಿದಿದೆ. ವಿಂಡೋಸ್‌ಗೆ ತನ್ನದೇ ಎಂಜಿನ್ ಇದೆ. ಎಕ್ಸ್‌ಪಿ ಕಾಲದಲ್ಲಿ ತುಂಗಾ ಫಾಂಟ್ ಜೊತೆಗೇ ಬಂತು, ವಿಂಡೋಸ್ 8ರಿಂದ ನಿರ್ಮಲಾ ಫಾಂಟ್ ಬರುತ್ತಿದೆ.

ಹಾಗಾದರೆ ಎಲ್ಲ ಸರಿ ಇದೆಯಲ್ಲ ಎನ್ನಬಹುದು. ಇಲ್ಲ. ಪೈಥಾನ್ ಜೊತೆಗೇ ಬರುವ ಟಿಕಿಂಟರ್ ಟೂಲ್‌ಕಿಟ್ ತಗೊಳ್ಳಿ. ಕಲಿಯಲು ಅದರಷ್ಟು ಸುಲಭದ್ದು ಇಲ್ಲ. ಅದರ ಒಳಗಿರುವ ಟಿಕೆ, ಜಾನ್ ಔಸ್ಟರ್‌ಹೌಟ್ ಎಂಬ ಪ್ರೊಫೆಸರು ಬರ್ಕ್ಲಿಯಲ್ಲಿ ಮಾಡಿದ್ದು, 1990ರ ದಶಕದ ಆರಂಭದ್ದು. ವಿಂಡೋಸ್ ಮೇಲೆ ಅದರಲ್ಲಿ ಕನ್ನಡ ಚೆನ್ನಾಗಿಯೇ ಬರುತ್ತದೆ, ಏಕೆಂದರೆ ಅಕ್ಷರ ಜೋಡಿಸುವ ಕೆಲಸವನ್ನು ವಿಂಡೋಸೇ ಮಾಡುತ್ತದೆ. ಅದೇ ಪ್ರೋಗ್ರಾಮನ್ನು ಲಿನಕ್ಸ್‌ಗೆ ಒಯ್ದು ಟಿಕೆ 8.6ರಲ್ಲಿ ಓಡಿಸಿ. ತೀರ್ಥಹಳ್ಳಿ ಎಂಬುದು ತೀರ್‌ಥಹಳ್‌ಳಿ ಆಗುತ್ತದೆ. ಅಲ್ಲಿ ಅದು ಅಕ್ಷರವನ್ನು ಜೋಡಿಸುವುದೇ ಇಲ್ಲ, ಒಂದೊಂದನ್ನೂ ಬಿಡಿ ಬಿಡಿಯಾಗಿ ಇಡುತ್ತದೆ. ಕೋಡಿನಲ್ಲಿ ಒಂದು ಸಾಲೂ ತಪ್ಪಿಲ್ಲ. ಲ್ಯಾಬಿನಲ್ಲಿ ವಿಂಡೋಸ್, ಅಂಗಡಿಯಲ್ಲಿ ಲಿನಕ್ಸ್ ಎಂದರೆ ಕಥೆ ಮುಗಿಯಿತು.

ಹಿಂದಿನ ಕಾಲ ಇನ್ನೂ ಕಷ್ಟದ್ದು. ನಾನು ಶುರು ಮಾಡಿದ್ದು ವಿಷುಯಲ್ ಬೇಸಿಕ್ 6ರಲ್ಲಿ. ಅದು 1998ರದ್ದು. ಬಟನ್ ಎಳೆದು ತಂದು ಇಡು, ಅದರ ಮೇಲೆ ಎರಡು ಸಲ ಒತ್ತು, ಕೋಡ್ ಬರೆ. ಆ ಸುಖ ಆಮೇಲೆ ಬಂದ ಎಷ್ಟೋ ಟೂಲ್‌ಕಿಟ್‌ಗಳಲ್ಲಿ ಸಿಗಲಿಲ್ಲ. ಆದರೆ ಅದರ ಲೇಬಲ್ಲು, ಟೆಕ್ಸ್ಟ್ ಬಾಕ್ಸುಗಳಿಗೆ ಯೂನಿಕೋಡ್, ಅಂದರೆ ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ, ಗೊತ್ತಿರಲಿಲ್ಲ. ಯೂನಿಕೋಡ್ ಕನ್ನಡ ಹಾಕಿದರೆ ಸಾಲಾಗಿ ಪ್ರಶ್ನೆ ಚಿಹ್ನೆ. ಹಾಗಾಗಿ ಎಲ್ಲರೂ ನುಡಿ, ಬರಹದ ಹಳೆಯ ಫಾಂಟುಗಳನ್ನು ಬಳಸಿದೆವು. ಪರದೆಯ ಮೇಲೆ ಕನ್ನಡ, ಡೇಟಾಬೇಸಿನ ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. ಅವತ್ತಿಗೆ ಅದು ದೊಡ್ಡ ಉಪಕಾರ. ಕೆ.ಪಿ. ರಾವ್ ಅವರ ಕೀಲಿಮಣೆ ಜೋಡಣೆ ಇಲ್ಲದಿದ್ದರೆ ನಮ್ಮ ರೈಟರುಗಳು ಕನ್ನಡ ಟೈಪ್ ಮಾಡುವುದನ್ನೇ ಕಲಿಯುತ್ತಿರಲಿಲ್ಲ. ಆದರೆ ಆ ಹಳೇ ಡೇಟಾ ಇವತ್ತೂ ಕಾಡುತ್ತಿದೆ. ಮಂಡಿಯ ಸಾಫ್ಟ್‌ವೇರ್ ಬದಲಿಸುವಾಗ ಮೊದಲು ಹೆಸರುಗಳನ್ನು ಯೂನಿಕೋಡ್‌ಗೆ ತಿರುಗಿಸಬೇಕು, ಆಮೇಲೆ ಒಂದೊಂದೇ ಕಣ್ಣಾಡಿಸಬೇಕು.

ಪರದೆಯಲ್ಲಿ ಸರಿಯಾಗಿ ಬಂದರೂ ಇನ್ನೊಂದು ತೊಂದರೆ ಇದೆ. ಇಂಗ್ಲಿಷ್ ಅಳತೆಗೆ ಮಾಡಿದ ಲೇಬಲ್ಲಿನ ಎತ್ತರ ಕನ್ನಡಕ್ಕೆ ಸಾಲುವುದಿಲ್ಲ. 'ಒಟ್ಟು ಮೊತ್ತ' ಎಂದು ಹಾಕಿ ನೋಡಿ, ಎರಡೂ ಒತ್ತುಗಳ ತಳ ಕತ್ತರಿಸಿ ಹೋಗಿರುತ್ತದೆ. ಟೇಬಲ್ಲಿನ ಸಾಲುಗಳಲ್ಲಂತೂ ಇದು ಜಾಸ್ತಿ. ಅದಕ್ಕೇ ನಾನು ಹೇಳುವುದು, ಬಟನ್ನನ್ನು ಇಷ್ಟು ಪಿಕ್ಸೆಲ್ ಎಡಕ್ಕೆ, ಇಷ್ಟು ಮೇಲಕ್ಕೆ ಎಂದು ಮೊಳೆ ಹೊಡೆಯುವ ಪದ್ಧತಿ ಬಿಡಿ. ಕ್ಯೂಟಿಯಲ್ಲಿ ಲೇಔಟ್, ಟಿಕಿಂಟರಿನಲ್ಲಿ ಗ್ರಿಡ್, ವಿನ್‌ಫಾರ್ಮ್ಸ್‌ನಲ್ಲಿ ಟೇಬಲ್ ಲೇಔಟ್ ಪ್ಯಾನಲ್ ಇವೆ. ಒಳಗಿನ ಅಕ್ಷರ ದೊಡ್ಡದಾದರೆ ಡಬ್ಬಿ ತಾನೇ ಹಿಗ್ಗುತ್ತದೆ. ಮಾಲೀಕರು ಕಣ್ಣು ಕಾಣಲ್ಲ ಎಂದು ಫಾಂಟ್ ದೊಡ್ಡದು ಮಾಡಿಸಿದ ದಿನ ಇದರ ಬೆಲೆ ಗೊತ್ತಾಗುತ್ತದೆ.

ಅಕ್ಷರ ಎಣಿಸುವುದೂ ಹಾಗೇ. 'ಲಕ್ಷ್ಮೀ' ನಮ್ಮ ಕಣ್ಣಿಗೆ ಎರಡು ಅಕ್ಷರ. ಪೈಥಾನ್ ಕೇಳಿದರೆ ಒತ್ತು, ದೀರ್ಘ ಎಲ್ಲ ಬೇರೆ ಬೇರೆ ಎಣಿಸಿ ಏಳು ಎನ್ನುತ್ತದೆ. ಹೆಸರಿಗೆ ಹದಿನೈದೇ ಅಕ್ಷರ ಎಂದು ಮಿತಿ ಹಾಕಿದರೆ ಲಕ್ಷ್ಮೀನಾರಾಯಣ ಭಟ್ಟರ ಹೆಸರು ಭಟ್ಟರಿಗೆ ಬರುವ ಹೊತ್ತಿಗೆ ಉಸಿರು ಬಿಡುತ್ತದೆ. ಖಾಲಿ ಜಾಗ ತುಂಬಿ ಕಾಲಂ ನೇರ ಮಾಡುವ ಹಳೇ ಉಪಾಯವೂ ಕನ್ನಡದಲ್ಲಿ ನಡೆಯುವುದಿಲ್ಲ.

ಪ್ರಿಂಟ್ ತೆಗೆದಾಗ ಇನ್ನೊಂದು ಪರೀಕ್ಷೆ. ಈಗ ಎಲ್ಲ ಕಡೆ ಎರಡು ಇಂಚು, ಮೂರು ಇಂಚಿನ ಥರ್ಮಲ್ ಪ್ರಿಂಟರ್ ಬಂದಿವೆ. ಸಾಧಾರಣ ಬೆಲೆಯವುಗಳ ಮೆಮೊರಿಯಲ್ಲಿ ಕನ್ನಡ ಅಕ್ಷರವೇ ಇರುವುದಿಲ್ಲ. ಪಟ್ಟಿಯನ್ನು ಚಿತ್ರವಾಗಿ ಬರೆದು ಕಳಿಸಬೇಕು. ಆ ಚಿತ್ರ ಬರೆಯುವುದಕ್ಕೂ ಮತ್ತೆ ಅಕ್ಷರ ಜೋಡಿಸುವ ಎಂಜಿನ್ ಬೇಕು. ಪೈಥಾನಿನ ಪಿಲ್ಲೋ ಲೈಬ್ರರಿಗೆ ರಾಕ್ಮ್ ಎಂಬ ಜೊತೆಗಾರ ಸಿಗದಿದ್ದರೆ ಅಲ್ಲೂ ಒತ್ತು ಬಿಡಿ ಬಿಡಿ. ಕ್ಯೂಟಿಯಲ್ಲಾದರೆ ಪರದೆಗೆ ಬರೆಯುವ ಕೈಯೇ ಚಿತ್ರಕ್ಕೂ, ಪಿಡಿಎಫ್‌ಗೂ ಬರೆಯುತ್ತದೆ. ವಿನ್‌ಫಾರ್ಮ್ಸ್‌ನಲ್ಲಿ ವಿಂಡೋಸ್ ಡ್ರೈವರ್ ಆ ಕೆಲಸ ನೋಡಿಕೊಳ್ಳುತ್ತದೆ. ಟೂಲ್‌ಕಿಟ್ ಆರಿಸುವಾಗ ಬಟನ್ನಿನ ಅಂದ ಚಂದ ನೋಡುವವರೇ ಎಲ್ಲ, ಪ್ರಿಂಟ್ ತೆಗೆದು ನೋಡುವವರಿಲ್ಲ. ಡಾಟ್ ಮ್ಯಾಟ್ರಿಕ್ಸ್ ಇಟ್ಟುಕೊಂಡವರು ಇನ್ನೂ ಇದ್ದಾರೆ. ಅದರಲ್ಲಿ ಕನ್ನಡ ತೆಗೆದರೆ ಕಿರುಚಾಟ ಜಾಸ್ತಿ, ಪಟ್ಟಿ ನಿಧಾನ.

ಹಾಗಾಗಿ ಯಾವ ಟೂಲ್‌ಕಿಟ್ ಆದರೂ ಸರಿ, ನನ್ನ ಮೊದಲ ಪ್ರೋಗ್ರಾಂ 'ಹಲೋ ವರ್ಲ್ಡ್' ಅಲ್ಲ. 'ತೀರ್ಥಹಳ್ಳಿ ಲಕ್ಷ್ಮೀನಾರಾಯಣ, ಒಟ್ಟು ಮೊತ್ತ, ರ‍್ಯಾಲಿ' ಎಂಬ ಅರ್ಥವಿಲ್ಲದ ಸಾಲು. ಲೇಬಲ್ಲಿನಲ್ಲಿ, ಬಟನ್ನಿನಲ್ಲಿ, ಟೇಬಲ್ಲಿನ ಒಂದು ಮನೆಯಲ್ಲಿ ಅದನ್ನು ಹಾಕುತ್ತೇನೆ. ಟೆಕ್ಸ್ಟ್ ಬಾಕ್ಸಿನಲ್ಲಿ ಕೈಯಿಂದ ಹೊಡೆದು, ನಡುವೆ ಬ್ಯಾಕ್‌ಸ್ಪೇಸ್ ಒತ್ತಿ ಏನು ಅಳಿಯುತ್ತದೆ ನೋಡುತ್ತೇನೆ. ಪ್ರಿಂಟ್ ಕೊಡುತ್ತೇನೆ. ಅಂಗಡಿಯ ಮೆಷಿನ್ನಿನ ಮೇಲೆಯೇ. ಇದಕ್ಕೆ ಅರ್ಧ ಗಂಟೆ ಸಾಕು, ಎಷ್ಟೋ ತಿಂಗಳ ತಲೆನೋವು ಉಳಿಯುತ್ತದೆ.

ಕೀಲಿಮಣೆ ಬಗ್ಗೆಯೂ ಹೇಳಬೇಕು. ನಮ್ಮ ರೈಟರುಗಳಲ್ಲಿ ಹಳಬರು, ಕೀಲಿಮಣೆಯಲ್ಲೇ ನಡೆಯುತ್ತಿದ್ದ ಫಾಕ್ಸ್‌ಪ್ರೊ ಕಾಲದವರು. ತೂಕ ಹೊಡೆದು ಎಂಟರ್, ದರ ಹೊಡೆದು ಎಂಟರ್. ಬಲಗೈ ಸಂಖ್ಯೆಯ ಕೀಲಿಗಳನ್ನು ಬಿಟ್ಟು ಕದಲುವುದಿಲ್ಲ. ವಿಂಡೋಸ್ ಬಂದ ಮೇಲೆ ಮುಂದಿನ ಬಾಕ್ಸಿಗೆ ಹೋಗಲು ಟ್ಯಾಬ್ ಒತ್ತಿ ಎಂದೆವು. ಅವರು ಒತ್ತಲಿಲ್ಲ. ಯಾಕೆ ಒತ್ತಬೇಕು? ಎಂಟರ್ ಒತ್ತಿದರೆ ಮುಂದಕ್ಕೆ ಹೋಗುವ ಹಾಗೆ ಮಾಡುವುದು ಟಿಕಿಂಟರಿನಲ್ಲಿ ಒಂದೆರಡು ಸಾಲು, ಕ್ಯೂಟಿಯಲ್ಲೂ ಅಷ್ಟೇ, ವಿನ್‌ಫಾರ್ಮ್ಸ್‌ನಲ್ಲಿ ಸ್ವಲ್ಪ ಜಾಸ್ತಿ. ಮೌಸ್ ಮುಟ್ಟದೆ ಒಂದು ಪಟ್ಟಿ ಪೂರಾ ಮುಗಿಯಬೇಕು. ಮೊಬೈಲ್ ನೋಡಿ ಬೆಳೆದ ಹುಡುಗರು ಮಾಡುವ ಪರದೆಗಳಲ್ಲಿ ಮೂಲೆ ದುಂಡಗಿನ ದೊಡ್ಡ ಬಟನ್ನುಗಳು, ಒಂದು ಪರದೆಗೆ ಎರಡೇ ಬಾಕ್ಸು. ನೋಡಲು ಚಂದ. ಆದರೆ ರೈಟರಿಗೆ ಇಡೀ ಲಾಟು ಒಂದೇ ಪರದೆಯಲ್ಲಿ ಕಾಣಬೇಕು.

ಈಗ ತೂಕದ ಮೆಷಿನ್. ಇದು ಸೀರಿಯಲ್ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಸೇರುತ್ತದೆ, ಹೆಚ್ಚಿನವು ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ತೂಕ ಹೇಳುತ್ತಲೇ ಇರುತ್ತವೆ. ಹುಡುಗರು 'ತೂಕ ತಗೊ' ಎಂಬ ಬಟನ್ನಿನ ಒಳಗೇ ಕೇಬಲ್ ಓದುವ ಕೋಡ್ ಬರೆಯುತ್ತಾರೆ. ಕೇಬಲ್ ಸಡಿಲ ಇದ್ದರೆ ಪರದೆ ಬೆಳ್ಳಗಾಗಿ ಮೇಲೆ 'ನಾಟ್ ರೆಸ್ಪಾಂಡಿಂಗ್' ಬರುತ್ತದೆ. ಏಕೆಂದರೆ ವಿಂಡೋ ಬರೆಯುವುದು, ಕೀಲಿ ಕೇಳುವುದು, ಬಟನ್ ಒತ್ತಿದ್ದನ್ನು ಗಮನಿಸುವುದು ಎಲ್ಲವೂ ಒಂದೇ ಥ್ರೆಡ್, ಅಂದರೆ ಒಂದೇ ಆಳಿನ ಕೆಲಸ. ಅದನ್ನು ಕೇಬಲ್ ಹತ್ತಿರ ಕಾಯಲು ಕೂರಿಸಿದರೆ ಉಳಿದದ್ದನ್ನು ಮಾಡುವವರು ಯಾರು? ಭಾಷೆ ಯಾವುದಾದರೂ ಈ ನಿಯಮ ಒಂದೇ. ಟಿಕಿಂಟರಿನಲ್ಲಿ 'ಆಫ್ಟರ್' ಹಾಕಿ ಆಗಾಗ ಇಣುಕಬೇಕು. ಕ್ಯೂಟಿಯಲ್ಲಿ ಸೀರಿಯಲ್ ಪೋರ್ಟಿಗೇ ಒಂದು ಕ್ಲಾಸ್ ಇದೆ, ತೂಕ ಬಂದಾಗ ಅದೇ ಸಿಗ್ನಲ್ ಕೊಡುತ್ತದೆ. ವಿನ್‌ಫಾರ್ಮ್ಸ್‌ಗೆ ಬಳಸುವ ಸಿ ಶಾರ್ಪ್ ಭಾಷೆಯಲ್ಲಿ ತೂಕ ಬೇರೆ ಥ್ರೆಡ್ಡಿನಲ್ಲಿ ಬರುತ್ತದೆ. ಅಲ್ಲಿಂದ ನೇರ ಟೆಕ್ಸ್ಟ್ ಬಾಕ್ಸ್ ಮುಟ್ಟಿದರೆ ಬೈಯುತ್ತದೆ, ಇನ್ವೋಕ್ ಮಾಡಿ ಕಳಿಸಬೇಕು. ಇದನ್ನು ಒಂದು ಕಡೆ ಸರಿಯಾಗಿ ಅರ್ಥ ಮಾಡಿಕೊಂಡ ಹುಡುಗಿ ಹೊಸ ಟೂಲ್‌ಕಿಟ್ಟನ್ನು ವಾರದಲ್ಲಿ ಹಿಡಿಯುತ್ತಾಳೆ. ಅರ್ಥವಾಗದವರು ಹತ್ತು ಭಾಷೆ ಕಲಿತರೂ ಪರದೆ ಬೆಳ್ಳಗೇ ಆಗುತ್ತದೆ. ಲೇಖನದಲ್ಲಿ ಬರಬೇಕಿದ್ದದ್ದು ಇದು, ಸಂಬಳ ಅಲ್ಲ.

ಲೈಸೆನ್ಸ್ ಬಗ್ಗೆ ಕಾಲೇಜಿನಲ್ಲಿ ಒಂದು ಮಾತೂ ಹೇಳುವುದಿಲ್ಲ. ಕ್ಯೂಟಿಯನ್ನು ಶುರು ಮಾಡಿದ್ದು ನಾರ್ವೆಯ ಇಬ್ಬರು, ಹೊವಾರ್ಡ್ ನೂರ್ ಮತ್ತು ಐರಿಕ್ ಶಾಂಬೆ ಎಂಗ್. 1996ರಲ್ಲಿ ಕೆಡಿಇ ಎಂಬ ಲಿನಕ್ಸ್ ಡೆಸ್ಕ್‌ಟಾಪನ್ನು ಅದರ ಮೇಲೆ ಕಟ್ಟಲು ಹೊರಟಾಗ, ಕ್ಯೂಟಿಯ ಲೈಸೆನ್ಸ್ ಪೂರ್ತಿ ಮುಕ್ತ ಅಲ್ಲ ಎಂಬ ಜಗಳ ಎದ್ದಿತು. ಆ ಜಗಳದಿಂದಲೇ 1997ರಲ್ಲಿ ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್ ಹುಟ್ಟಿತು. ಅವರು ಹಿಡಿದದ್ದು ಜಿಟಿಕೆ, ಅದು ಗಿಂಪ್ ಎಂಬ ಚಿತ್ರ ತಿದ್ದುವ ಪ್ರೋಗ್ರಾಮಿಗೆ ಮಾಡಿಕೊಂಡಿದ್ದ ಟೂಲ್‌ಕಿಟ್. ಇವತ್ತಿಗೂ ಲಿನಕ್ಸಿನಲ್ಲಿ ಈ ಎರಡು ಪಾಳಯ ಇವೆ. ಲೈಸೆನ್ಸಿನಿಂದ ಇಷ್ಟೆಲ್ಲ ಆಗುತ್ತದೆ. ಪೈಥಾನಿನಿಂದ ಕ್ಯೂಟಿ ಮುಟ್ಟಲು ಎರಡು ದಾರಿ, ಪೈಕ್ಯೂಟಿ ಮತ್ತು ಪೈಸೈಡ್. ಪೈಕ್ಯೂಟಿ ತಗೊಂಡರೆ, ಒಂದೋ ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್ ಪ್ರಕಾರ ಗಿರಾಕಿಗೆ ನಿಮ್ಮ ಕೋಡನ್ನೂ ಕೊಡಬೇಕು, ಇಲ್ಲವೇ ದುಡ್ಡು ಕೊಟ್ಟು ಲೈಸೆನ್ಸ್ ತಗೊಳ್ಳಬೇಕು. ಪೈಸೈಡ್ 2009ರಲ್ಲಿ ನೋಕಿಯಾ ತಂದದ್ದು, ಎಲ್‌ಜಿಪಿಎಲ್ ಎಂಬ ಸ್ವಲ್ಪ ಸಡಿಲ ಲೈಸೆನ್ಸಿನದು. ನಿಮ್ಮ ಕೋಡ್ ನಿಮ್ಮಲ್ಲೇ ಇಟ್ಟುಕೊಂಡು ಮಾರಬಹುದು. ಕ್ಯೂಟಿಯ ಭಾಗವನ್ನು ಗಿರಾಕಿ ಬೇಕಾದರೆ ಬದಲಿಸುವ ಹಾಗೆ ಬಿಡಬೇಕು, ಲೈಸೆನ್ಸ್ ಕಾಗದ ಜೊತೆಗಿಡಬೇಕು. ಎರಡರ ಕೋಡೂ ನೋಡಲು ಹೆಚ್ಚು ಕಡಿಮೆ ಒಂದೇ. ಅದಕ್ಕೇ ಹುಡುಗರು ಯೂಟ್ಯೂಬಿನಲ್ಲಿ ಮೊದಲು ಕಂಡದ್ದನ್ನು ಹಿಡಿಯುತ್ತಾರೆ. ಮಾರುವ ಯೋಚನೆ ಇದ್ದರೆ ಪೈಸೈಡ್ ಹಿಡಿಯಿರಿ, ಮುಗೀತು.

ಇನ್ನು ಬಾಳಿಕೆ. ಮಂಡಿಯವರಿಗೆ ಒಮ್ಮೆ ಕೊಟ್ಟ ಸಾಫ್ಟ್‌ವೇರ್ ಹದಿನೈದು ವರ್ಷ ನಡೆಯಬೇಕು. ಕಂಪನಿಗಳಿಗೆ ಅಷ್ಟು ತಾಳ್ಮೆ ಇಲ್ಲ. ವಿಷುಯಲ್ ಬೇಸಿಕ್ 6ರ ಬೆಂಬಲ 2008ರಲ್ಲಿ ನಿಂತಿತು. ತಮಾಷೆ ಅಂದರೆ ಅದರಲ್ಲಿ ಬರೆದದ್ದು ಇವತ್ತಿನ ವಿಂಡೋಸಿನಲ್ಲೂ ಓಡುತ್ತದೆ, ಹೊಸದಾಗಿ ಬರೆಯಲು ಮಾತ್ರ ಯಾರಿಗೂ ಹೇಳಲಾರೆ. 2007ರಲ್ಲಿ ಬ್ರೌಸರಿನೊಳಗೆ ಓಡುವ ಮೈಕ್ರೋಸಾಫ್ಟಿನ ಸಿಲ್ವರ್‌ಲೈಟ್ ಬಂದಾಗ ಇನ್ನು ಮುಂದೆ ಇದೇ ಎಂದರು. 2021ರಲ್ಲಿ ಮುಚ್ಚಿದರು. ವೆಬ್ ಪುಟದೊಳಗೆ ಓಡುವ ಜಾವಾ ಆಪ್ಲೆಟ್ಟನ್ನು 2017ರಲ್ಲಿ, 9ನೇ ಆವೃತ್ತಿಯಲ್ಲೇ ಬಳಸಬೇಡಿ ಎಂದು ಗುರುತು ಹಾಕಿದರು. ನಮ್ಮ ಕಡೆಯ ಒಂದು ಕಾಲೇಜಿನ ಲ್ಯಾಬ್ ಪುಸ್ತಕದಲ್ಲಿ ಅದಾದ ಮೇಲೂ ಆಪ್ಲೆಟ್ ಪ್ರಯೋಗ ಇತ್ತು. ಬ್ರೌಸರಿನಲ್ಲಿ ಓಡದ್ದನ್ನು ಬರೆದು ಮಕ್ಕಳು ಅಂಕ ತಗೊಂಡರು. ಜಾವಾ ಎಫ್‌ಎಕ್ಸ್ ಅನ್ನು 2018ರಲ್ಲಿ ಜಾವಾ 11 ಬಂದಾಗ ಮನೆಯಿಂದ ಹೊರಗಿಟ್ಟರು. ಅದು ಬೇರೆಯಾಗಿ ಬದುಕಿದೆ. ಅದಕ್ಕಿಂತ ಹಳೆಯ ಟೂಲ್‌ಕಿಟ್ ಸ್ವಿಂಗ್ ಮಾತ್ರ ಜಾವಾದ ಒಳಗೇ ಇನ್ನೂ ಇದೆ. 2002ರ ವಿನ್‌ಫಾರ್ಮ್ಸ್ ಕೂಡ ಹಾಗೆಯೇ. ಅದಾದ ಮೇಲೆ ಮೈಕ್ರೋಸಾಫ್ಟಿನದೇ ಹೊಸ ಟೂಲ್‌ಕಿಟ್‌ಗಳಾದ ಡಬ್ಲ್ಯುಪಿಎಫ್ ಬಂತು, ಯುಡಬ್ಲ್ಯುಪಿ ಬಂತು, ಮೌಯಿ ಬಂತು. ವಿನ್‌ಫಾರ್ಮ್ಸ್ ಸುಮ್ನೆ ತನ್ನ ಪಾಡಿಗೆ ಇದೆ. 2018ರಲ್ಲಿ ಅದರ ಕೋಡನ್ನೇ ಎಲ್ಲರಿಗೂ ತೆರೆದಿಟ್ಟರು. ಹಳೇದು ಅಂತ ಮೂಗು ಮುರಿಯುವವರಿಗೆ ಇದನ್ನು ಹೇಳುತ್ತಿರುತ್ತೇನೆ.

ಯಾವ ಟೂಲ್‌ಕಿಟ್ ಉಳಿಯುತ್ತದೆ ಎಂದು ಶಾಸ್ತ್ರ ಹೇಳಲು ಆಗುವುದಿಲ್ಲ. ಅದಕ್ಕೆ ಒಂದು ಕೆಲಸ ಮಾಡಬಹುದು. ಲೆಕ್ಕವನ್ನು ಬಟನ್ನಿನ ಒಳಗೆ ಬರೆಯಬೇಡಿ. ಒಂದು ಮಂಡಿಗೆ ಬೇರೆಯವರು ಮಾಡಿಕೊಟ್ಟಿದ್ದ ಸಾಫ್ಟ್‌ವೇರ್ ನನ್ನ ಕೈಗೆ ಬಂತು. ಹಮಾಲಿ ಮತ್ತು ಚೀಲದ ತೂಕದ ಲೆಕ್ಕ ಮೂರು ಬೇರೆ ಬೇರೆ ವಿಂಡೋಗಳ ಬಟನ್ನುಗಳ ಒಳಗೆ ಮೂರು ಸಲ ಬರೆದಿತ್ತು. ಒಂದರಲ್ಲಿ ಪೈಸೆಯನ್ನು ಮೇಲಕ್ಕೆ ಏರಿಸಿದ್ದರು, ಇನ್ನೊಂದರಲ್ಲಿ ಬಿಟ್ಟಿದ್ದರು. ರೈತರ ಪಟ್ಟಿಗೂ ಖಾತೆ ಪುಸ್ತಕಕ್ಕೂ ಒಂದು ರೂಪಾಯಿ ತಾಳೆಯಾಗುತ್ತಿರಲಿಲ್ಲ. ಒಂದೇ ರೂಪಾಯಿ, ಆದರೆ ಮಂಡಿಯಲ್ಲಿ ಅದು ದುಡ್ಡಿನ ಮಾತಲ್ಲ, ನಂಬಿಕೆಯ ಮಾತು. ಲೆಕ್ಕ ಒಂದು ಕಡೆ, ಪರದೆ ಇನ್ನೊಂದು ಕಡೆ ಇಡಿ. ಇದು ಹೊಸ ಉಪದೇಶ ಏನಲ್ಲ. 1979ರಲ್ಲೇ ಟ್ರಿಗ್ವೆ ರೀನ್ಸ್‌ಕೌಗ್ ಎಂಬವರು ಅಮೆರಿಕದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಇದ್ದಾಗ ಮಾಡೆಲ್ (ಲೆಕ್ಕ), ವ್ಯೂ (ಪರದೆ), ಕಂಟ್ರೋಲರ್ (ಕೀಲಿ, ಮೌಸಿನ ಮಾತು ಕೇಳುವುದು) ಎಂದು ಭಾಗ ಮಾಡಿ ತೋರಿಸಿದ್ದರು. ಅವರೂ ನಾರ್ವೆಯವರೇ, ನೋಡಿ. ಅಷ್ಟು ಸಣ್ಣ ದೇಶಕ್ಕೂ ಈ ವಿಂಡೋಗಳಿಗೂ ಏನೋ ನಂಟು. ಲೆಕ್ಕ ಬೇರೆ ಇಟ್ಟಿದ್ದರೆ ನಾಳೆ ಟೂಲ್‌ಕಿಟ್ ಸತ್ತರೂ ಪರದೆಯಷ್ಟನ್ನೇ ಮತ್ತೆ ಬರೆದರಾಯಿತು.

'ಇಷ್ಟೆಲ್ಲ ಯಾಕೆ, ಬ್ರೌಸರಿನಲ್ಲಿ ಮಾಡಿಬಿಡಿ' ಎಂದು ಬೆಂಗಳೂರಿನವರು ಹೇಳುತ್ತಾರೆ. ಮಾತಿನಲ್ಲಿ ಸತ್ಯ ಇದೆ. ಕನ್ನಡ ಅತಿ ಚೆನ್ನಾಗಿ ಬರುವುದು ಬ್ರೌಸರಿನಲ್ಲೇ. ಒಂದು ಕಡೆ ತಿದ್ದಿದರೆ ಎಲ್ಲರಿಗೂ ತಲುಪುತ್ತದೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಕರೆಂಟು, ನೆಟ್ಟು ಎರಡೂ ಒಟ್ಟಿಗೆ ಹೋಗುತ್ತವೆ. ಯುಪಿಎಸ್ ಇದ್ದರೆ ಕಂಪ್ಯೂಟರ್ ಸ್ವಲ್ಪ ಹೊತ್ತು ಓಡುತ್ತದೆ, ನೆಟ್ಟಿಗೆ ಯುಪಿಎಸ್ ಇಲ್ಲ. ಎಲೆಕ್ಟ್ರಾನ್ ಹಾಕಿ ಬ್ರೌಸರನ್ನೇ ಒಳಗೆ ಕಟ್ಟಿ ಕೊಡಬಹುದು. ವಿಎಸ್ ಕೋಡ್ ಎಡಿಟರ್ ಹಾಗೇ ಮಾಡಿದ್ದು, ಅದನ್ನು ನಾನೂ ದಿನಾ ಬಳಸುತ್ತೇನೆ. ಆದರೆ 2 ಜಿಬಿ ಮೆಮೊರಿಯ ಮಂಡಿ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಹಾಕುವುದಕ್ಕೆ ಒಂದು ಪೂರಾ ಕ್ರೋಮಿಯಂ ಓಡಿಸುವುದು ನನಗೆ ಒಪ್ಪಿಗೆಯಿಲ್ಲ. ಕಂಪ್ಯೂಟರ್ ಹೊಸದಿದ್ದರೆ, ಹುಡುಗರಿಗೆ ವೆಬ್ ಬಿಟ್ಟು ಬೇರೆ ಬರದಿದ್ದರೆ, ಎಲೆಕ್ಟ್ರಾನ್ ಥರದ್ದೇ ಆದ ಟೌರಿ ನೋಡಬಹುದು. ಅದು ವಿಂಡೋಸಿನಲ್ಲೇ ಇರುವ ವೆಬ್‌ವ್ಯೂ ಎಂಬ ಬ್ರೌಸರ್ ಭಾಗವನ್ನು ಬಳಸುತ್ತದೆ, ಹಗುರ. ಆದರೆ ಹಿಂದಿನ ಭಾಗಕ್ಕೆ ರಸ್ಟ್ ಭಾಷೆ ಕಲಿಯಬೇಕಾಗಬಹುದು.

ಮಾಲೀಕರಿಗೆ ಮೊಬೈಲಿನಲ್ಲಿ ಇವತ್ತಿನ ದರ, ಬಾಕಿ ನೋಡಬೇಕು ಅಂದರೆ ಅದು ಬೇರೆ ಪ್ರೋಗ್ರಾಂ. ಅದಕ್ಕೆ ಫ್ಲಟರ್ ಸಾಕು. ಅದರ ಡಾರ್ಟ್ ಭಾಷೆ ಜಾವಾ ಬಂದವರಿಗೆ ಕಷ್ಟ ಆಗುವುದಿಲ್ಲ. 2022ರಿಂದ ವಿಂಡೋಸಿಗೂ ಅದು ಸಿದ್ಧವಿದೆ. ಆದರೂ ರೈಟರ ಮೇಜಿಗೆ ನಾನು ಅದನ್ನು ಇನ್ನೂ ಇಟ್ಟಿಲ್ಲ.

ಅಣ್ಣನ ಮಗನಿಗೆ ಕೊನೆಗೆ ಏನು ಹೇಳಿದೆ ಎಂದರೆ, ಮಂಡಿಗೆ ಹೋಗಿ ಬಾ. ವಿಂಡೋಸ್ 7 ಇದ್ದರೆ, ಡಾಟ್‌ನೆಟ್ ಫ್ರೇಮ್‌ವರ್ಕ್ 4.8ರಲ್ಲಿ ಸಿ ಶಾರ್ಪ್, ವಿನ್‌ಫಾರ್ಮ್ಸ್. ಅದನ್ನು ಬರೆಯುವ ವಿಷುಯಲ್ ಸ್ಟುಡಿಯೋ ಕಮ್ಯುನಿಟಿ ನಿನ್ನಂಥ ಒಬ್ಬರಿಗೆ ಉಚಿತ, ಹೊಸ ಭಾಷೆ ಎಂದು ಹೆದರಬೇಡ. ವಿಂಡೋಸ್ 10 ಅಥವಾ 11 ಇದ್ದರೆ, ನಿನಗೆ ಪೈಥಾನ್ ಬರುವುದರಿಂದ ಪೈಸೈಡ್. ಟಿಕಿಂಟರಿನಲ್ಲಿ ಒಂದು ವಾರ ಆಟ ಆಡು, ಇವೆಂಟ್ ಅಂದರೇನು, ಲೂಪ್ ಹೇಗೆ ಸುತ್ತುತ್ತದೆ ಎಂದು ಕೈಗೆ ಹತ್ತುತ್ತದೆ. ಅದನ್ನೇ ಮಂಡಿಗೆ ಕೊಡಬೇಡ. "ಅತ್ತೆ, ಎಐ ಕೇಳಿದ್ರೆ ರಿಯಾಕ್ಟ್, ಎಲೆಕ್ಟ್ರಾನ್ ಅಂತು" ಎಂದ. ಅದಕ್ಕೆ ನೀನು ವಿಂಡೋಸ್ ಯಾವುದು, ಮೆಮೊರಿ ಎಷ್ಟು, ಪ್ರಿಂಟರ್ ಯಾವುದು ಅಂತ ಹೇಳಿದ್ಯಾ ಎಂದೆ. ಹೇಳಿರಲಿಲ್ಲ. ಹೇಳಿದರೆ ಅದೂ ಬೇರೆ ಉತ್ತರ ಕೊಡುತ್ತದೆ, ಅಲ್ವಾ.

ನಿಮ್ಮಲ್ಲಿ ಒಂದು ಕೋರಿಕೆ. ಶಿಕ್ಷಣ ಪುಟದಲ್ಲಿ ಇನ್ನೊಮ್ಮೆ ಈ ವಿಷಯ ಬಂದಾಗ, ಒಬ್ಬ ರೈಟರನ್ನು, ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕೂರುವ ಒಬ್ಬರನ್ನು, ಸೊಸೈಟಿಯಲ್ಲಿ ಹಾಲು ಹಾಕಿಸಿಕೊಳ್ಳುವ ಒಬ್ಬರನ್ನು ಮಾತಾಡಿಸಿ. ಅವರು ದಿನವಿಡೀ ನೋಡುವ ಪರದೆಯಲ್ಲಿ ಏನು ಕಾಟ ಕೊಡುತ್ತದೆ ಎಂದು ಕೇಳಿ ಬರೆಸಿ. ಕಾಲೇಜಿನ ಮೇಷ್ಟ್ರುಗಳಿಗೂ ಒಂದು ಮಾತು. ಪ್ರಾಜೆಕ್ಟ್ ನೋಡುವಾಗ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ ನೋಡಬೇಡಿ. ಲ್ಯಾಬಿನ ಅತಿ ಹಳೆಯ ಮೆಷಿನ್ನಿನಲ್ಲಿ ಓಡಿಸಿ, ಮೌಸ್ ಕಿತ್ತಿಡಿ, ನಿಮ್ಮ ಹೆಸರನ್ನು ಕನ್ನಡದಲ್ಲಿ ಹೊಡೆಸಿ, ಪ್ರಿಂಟ್ ಕೇಳಿ. ಅಂಕ ಆಮೇಲೆ ಕೊಡಿ.

ವಂದನೆಗಳೊಂದಿಗೆ,
ನಿಮ್ಮ ಓದುಗಳೊಬ್ಬಳು
ಸಾಗರ, ಶಿವಮೊಗ್ಗ ಜಿಲ್ಲೆ